ಹಿಂದಿನ ಸೀಟಿನಲ್ಲಿ ಸೋಂದ್ರೆ

ಸ್ಪೀಕರ್ ಪೆಟ್ಟಿಗೆಯ ಮಾತಿಗೆ ಬರುವ ಹೊತ್ತಿಗೆ ತರಗತಿಯಲ್ಲಿ ಯಾರಾದರೊಬ್ಬರು ಅಳುತ್ತಿದ್ದರು. ಪ್ರತಿ ಸಲವೂ ಹಾಗೆಯೇ ಆಗುತ್ತಿತ್ತು.

“ಮುಂದಿನ ಸೀಟಿನಲ್ಲಿ ಹಳೇ ಸ್ಪೀಕರ್ ಪೆಟ್ಟಿಗೆ ಇತ್ತು,” ಎನ್ನುತ್ತಿದ್ದಳು ಟುರಿಡ್. “ಯಾರೋ ಮಾರ್ತಿದ್ರು, ನನ್ನ ಮಗ, ಅವನ ಗೆಳೆಯ ಇಬ್ಬರೂ ಹೋಗಿ ತಂದ್ರು. ಉರುಳಬಾರದು ಅಂತ ಅದಕ್ಕೆ ಬೆಲ್ಟ್ ಹಾಕಿದ್ರು. ನನ್ನ ಮಗ ಹಿಂದಿನ ಸೀಟಿನಲ್ಲಿ ಕೂತಿದ್ದ. ಅವನಿಗೆ ಬೆಲ್ಟ್ ಇರಲಿಲ್ಲ. ಪೆಟ್ಟಿಗೆಗೆ ಒಂದು ಗೀರೂ ಬೀಳಲಿಲ್ಲ.”

ಅಷ್ಟು ಹೇಳಿ ಅವಳು ಸುಮ್ಮನಾಗುತ್ತಿದ್ದಳು. ಎಷ್ಟು ಹೊತ್ತು ಸುಮ್ಮನಿದ್ದರೆ ಮಾತು ನಾಟುತ್ತದೆ ಎಂಬುದು ಅವಳಿಗೀಗ ಅಭ್ಯಾಸವಾಗಿ ಹೋಗಿತ್ತು, ಆ ಅಭ್ಯಾಸದ ಬಗ್ಗೆ ಅವಳಿಗೇ ಅಸಹ್ಯವಿತ್ತು. ಬೆಟ್ಟಗಳ ನಡುವೆ ಒಳಚಾಚಿದ ಕಡಲ ತೋಳಾದ ಫಿಯೋರ್ಡಿನ ದಡದ ಆ ಊರಿನಲ್ಲಿ ಡ್ರೈವಿಂಗ್ ಶಾಲೆ ನಡೆಸುತ್ತಿದ್ದ ಓಡ್‌ಬ್ಯೋರ್ನ್, ಸೋಂದ್ರೆ ಸತ್ತ ಮರುವರ್ಷ ಅವಳ ಮನೆಗೆ ಬಂದು, “ನಾನು ಹೇಳಿದ್ರೆ ಮಕ್ಕಳು ಆಕಳಿಸ್ತಾರೆ, ನೀನು ಹೇಳಿದ್ರೆ ಕೇಳ್ತಾರೆ,” ಎಂದು ಒಪ್ಪಿಸಿದ್ದ. ಅಂದಿನಿಂದ ಹೊಸ ತಂಡ ಬಂದಾಗಲೆಲ್ಲ ಅವಳು ಬಂದು ಮಗನ ಸಾವನ್ನು ಹೇಳಿ ಹೋಗುತ್ತಿದ್ದಳು. ಕಾರು ಓಡಿಸುತ್ತಿದ್ದವನ ಹೆಸರನ್ನು ಮಾತ್ರ ಒಮ್ಮೆಯೂ ಹೇಳಿದವಳಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಲೈಸೆನ್ಸ್ ಸಿಕ್ಕಿ ತಿಂಗಳೂ ತುಂಬಿರದ ಹೋವಾರ್ ಎಂಬ ಹುಡುಗ, ಚಿಕ್ಕಂದಿನಿಂದ ಸೋಂದ್ರೆಯ ಜೊತೆ ಅವಳ ಅಡುಗೆಮನೆಯಲ್ಲೇ ಉಂಡು ಬೆಳೆದವನು, ಊರಿಗೆಲ್ಲ ಗೊತ್ತಿದ್ದವನೇ.

ಆ ಶರತ್ಕಾಲದ ತಂಡದಲ್ಲಿ ಒಬ್ಬಳು ಉಳಿದವರಿಗಿಂತ ದೊಡ್ಡವಳಿದ್ದಳು. ಕೊನೆಯ ಬೆಂಚಿನಲ್ಲಿ ಕೂತು, ಅಳದೆ, ಟುರಿಡ್‌ಳ ಮುಖವನ್ನೇ ನೋಡುತ್ತಿದ್ದಳು. ಎಲ್ಲ ಹೋದ ಮೇಲೆ ಕಾಫಿ ಲೋಟ ತೊಳೆಯುತ್ತಿದ್ದ ಟುರಿಡ್‌ಳ ಪಕ್ಕಕ್ಕೆ ಬಂದು ಒರೆಸುವ ಬಟ್ಟೆ ಕೈಗೆತ್ತಿಕೊಂಡಳು.

“ನಾನು ಯಾರು ಅಂತ ಗೊತ್ತಾಯ್ತಲ್ವಾ?”

“ಐರಿನ್. ಹೋವಾರ್‌ನ ತಂಗಿ.” ಅವನ ಹೆಸರು ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ.

“ಹದಿನೆಂಟಾಗೋಕೆ ಬಂತು. ನನ್ನ ಜೊತೆಯವರೆಲ್ಲ ಆಗಲೇ ಓಡಿಸ್ತಾರೆ. ಅಪ್ಪ ವರ್ಷದಲ್ಲಿ ಮುಕ್ಕಾಲು ಪಾಲು ಹಡಗಿನಲ್ಲಿರ್ತಾರೆ. ಅಮ್ಮ ನನ್ನ ಪಕ್ಕ ಕೂತರೆ ಗೇಟು ದಾಟೋಕೆ ಮುಂಚೆ ವಾಂತಿ ಮಾಡ್ಕೊಳ್ತಾಳೆ. ಅಣ್ಣ...” ಲೋಟವನ್ನು ಒರೆಸಿದ್ದನ್ನೇ ಒರೆಸಿದಳು. “ಅಣ್ಣ ಕಾರೇ ಹತ್ತಲ್ಲ. ಡ್ರೈವಿಂಗ್ ಶಾಲೆ ಪಾಠ ಸಾಕಾಗಲ್ಲ, ದಿನಾ ಓಡಿಸಿ ಕೈ ಪಳಗಬೇಕು ಅಂತಾರೆ. ಪಕ್ಕದಲ್ಲಿ ಕೂರೋರು ಬೇಕು.”

“ಊರಲ್ಲಿ ಬೇರೆ ಯಾರೂ ಸಿಗಲಿಲ್ವಾ?”

“ಸಿಗ್ತಾರೆ. ಆದರೆ ಅವರು ಯಾರೂ ನಿಮ್ಮಷ್ಟು ಹೆದರಲ್ಲ.”

ಆ ಮಾತಿನಲ್ಲಿ ಧಾರ್ಷ್ಟ್ಯವಿತ್ತೋ ಮುಗ್ಧತೆಯೋ ಟುರಿಡ್‌ಗೆ ತಿಳಿಯಲಿಲ್ಲ. ಯೋಚಿಸಿ ಹೇಳುತ್ತೇನೆ ಎಂದಳು. ಯೋಚಿಸುವುದು ಏನೂ ಇಲ್ಲ, ಆಗುವುದಿಲ್ಲ ಎಂದು ಹೇಳಿಬಿಡಬೇಕು, ಅಷ್ಟೇ. ಆದರೆ ಮನೆಗೆ ಬಂದರೆ ಗೋಡೆ ಗೋಡೆಯೂ ಮೌನ. ಗಂಡನಿಂದ ಬೇರೆಯಾಗಿ ಬಹಳ ವರ್ಷವಾಗಿತ್ತು. ಹಗಲೆಲ್ಲ ಕಾರಿನಲ್ಲಿ ತಿರುಗಿ ಮುದುಕರ ಮನೆಗಳಿಗೆ ಹೋಗಿ ಔಷಧಿ ಕೊಟ್ಟು, ಗಾಯ ಕಟ್ಟಿ ಬರುವ ನರ್ಸ್ ಕೆಲಸ ಅವಳದು. ಸಂಜೆಗೆ ಅವಳ ಗಾಯ ಕೇಳುವವರಿರಲಿಲ್ಲ. ಎರಡು ದಿನ ಬಿಟ್ಟು ಐರಿನ್‌ಗೆ ಫೋನ್ ಮಾಡಿ, “ಶನಿವಾರ ಬಾ. ದಪ್ಪ ಅಟ್ಟೆಯ ಬೂಟು ಹಾಕ್ಕೊಂಡು ಬರಬೇಡ, ಪೆಡಲ್ ಕಾಲಿಗೆ ಗೊತ್ತಾಗಲ್ಲ,” ಎಂದಳು.

ಕಲಿಯುವವರ ಕಾರಿನಲ್ಲಿ ಪಕ್ಕ ಕೂರುವವರಿಗೆ ಬೇರೆಯೇ ಒಂದು ಕನ್ನಡಿ ಇರಬೇಕೆಂಬುದು ಕಾನೂನು. ಶನಿವಾರ ಬೆಳಿಗ್ಗೆ ಟುರಿಡ್ ಅದನ್ನು ತನ್ನ ಕಾರಿನ ಮುಂದಿನ ಗಾಜಿಗೆ ಒತ್ತಿ ಅಂಟಿಸಿದಳು. ಹಿಂದುಗಡೆ ಕೆಂಪು ಅಕ್ಷರದ ಫಲಕ ಸಿಕ್ಕಿಸಿದಳು. ತನ್ನ ಕಾಲ ಕೆಳಗೆ ಬ್ರೇಕ್ ಇಲ್ಲ, ಕೈಗೆಟುಕುವುದು ಹ್ಯಾಂಡ್‌ಬ್ರೇಕ್ ಒಂದೇ ಎಂಬುದು ಕೂತ ಮೇಲಷ್ಟೇ ಅವಳ ಅರಿವಿಗೆ ಬಂತು.

ಐರಿನ್ ಸೀಟು ಸರಿಮಾಡಿಕೊಂಡಳು, ಕನ್ನಡಿಗಳನ್ನು ಸರಿಮಾಡಿಕೊಂಡಳು, ಫೋನನ್ನು ಆರಿಸಿ ಡ್ಯಾಶ್‌ಬೋರ್ಡಿನ ಗೂಡಿನಲ್ಲಿಟ್ಟಳು. ಆಮೇಲೆ ಗಟ್ಟಿಯಾಗಿ ಕೇಳಿದಳು: “ಎಲ್ಲರೂ ಬೆಲ್ಟ್ ಹಾಕಿದೀರಾ?”

ಇದ್ದದ್ದು ಇಬ್ಬರೇ. ಟುರಿಡ್ ಬೆಚ್ಚಿ ತನ್ನ ಬೆಲ್ಟ್ ಮುಟ್ಟಿ ನೋಡಿಕೊಂಡಳು. ಆಗಲೇ ಬೆನ್ನ ಹಿಂದೆ ಬೆಲ್ಟ್ ಎಳೆದು ಕಚ್ಚಿಸಿದ ಸದ್ದಾಯಿತು.

ಅವಳು ತಿರುಗಲಿಲ್ಲ. ಕನ್ನಡಿಯಲ್ಲಿ ನೋಡಿದಳು. ಸೋಂದ್ರೆ ತನ್ನ ಹಸಿರು ಜಾಕೆಟ್ಟಿನ ಟೋಪಿ ತಲೆಗೆಳೆದುಕೊಂಡು, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ಉದ್ದ ಕಾಲಿನ ಹುಡುಗ, ಎಂದಿನಂತೆ ಮೊಣಕಾಲನ್ನು ಮುಂದಿನ ಸೀಟಿನ ಬೆನ್ನಿಗೆ ಒತ್ತಿ ಹಿಡಿದಿದ್ದ. ಆ ಒತ್ತು ಅವಳ ಬೆನ್ನಿಗೆ ಗೊತ್ತಾಗುತ್ತಿತ್ತು.

“ಹೊರಡ್ಲಾ?” ಎಂದಳು ಐರಿನ್.

“ಹ್ಞಾಂ,” ಎಂದಳು ಟುರಿಡ್. ಅವಳ ದನಿ ಅವಳಿಗೇ ಬಾವಿಯೊಳಗಿಂದ ಬಂದಂತೆ ಕೇಳಿತು. “ನಿಧಾನಕ್ಕೆ ಕ್ಲಚ್ ಬಿಡು.”

ಅವನು ಮಾತಾಡಲಿಲ್ಲ. ಅಮ್ಮನ ಕಡೆ ನೋಡಲೂ ಇಲ್ಲ. ಮನೆಗೆ ಮರಳಿ ಐರಿನ್ ಇಳಿದು ಹೋದ ಮೇಲೆ ಟುರಿಡ್ ಹಿಂದಿನ ಬಾಗಿಲು ತೆರೆದಳು. ಸೀಟು ಖಾಲಿಯಿತ್ತು. ಅವನು ಕೂತಿದ್ದ ಕಡೆಯ ಗಾಜಿನ ಮೇಲೆ ಮಾತ್ರ, ಒಳಗಿನಿಂದ, ಉಸಿರಿನ ಮಂಜು ಕಟ್ಟಿತ್ತು. ಅವಳು ಅಂಗೈ ಇಟ್ಟಳು. ತಣ್ಣಗಿತ್ತು.

ಅವಳಿಗೆ ಹೆದರಿಕೆಯಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತೇನೋ. ಒಬ್ಬಳೇ ಕೆಲಸಕ್ಕೆ ಹೋಗುವಾಗ ಆ ಕನ್ನಡಿಯನ್ನು ಅಂಟಿಸಿಯೇ ಇಟ್ಟು ನೋಡುತ್ತಿದ್ದಳು, ಹಿಂದಿನ ಸೀಟು ಬರೀ ಸೀಟು. ಐರಿನ್ ಸ್ಟೀರಿಂಗ್ ಹಿಡಿದು ಆ ಪ್ರಶ್ನೆ ಕೇಳಿದಾಗ ಮಾತ್ರ ಅವನು ಬರುತ್ತಿದ್ದ.

ಆ ಚಳಿಗಾಲವೆಲ್ಲ ಅವರು ಓಡಿಸಿದರು. ಮಧ್ಯಾಹ್ನ ಮೂರಕ್ಕೇ ಕತ್ತಲು ಇಳಿಯುವ ದಿನಗಳು ಅವು. ಎದುರಿನ ಗಾಡಿ ಕಾಣುವ ಮೊದಲೇ ಅದರ ಬೆಳಕು ಬಂಡೆಯ ಮೇಲೆ ಬೀಳುತ್ತದೆ, ಆಗಲೇ ನಿನ್ನ ದೊಡ್ಡ ದೀಪ ಇಳಿಸು ಎಂದು ಟುರಿಡ್ ಕಲಿಸಿದಳು. ಎರಡು ಗಾಡಿ ಹಾಯಲಾಗದ ದಾರಿಯಲ್ಲಿ ಮುಂದಿನ ಅಗಲ ಜಾಗ ಎಲ್ಲಿದೆಯೆಂದು ಯಾವಾಗಲೂ ಕಣ್ಣಿಟ್ಟಿರು ಎಂದಳು. ಸುರಂಗದೊಳಗೆ ಕುರಿ ಮಲಗಿರಬಹುದು. ಸೇತುವೆಯ ಮೇಲೆ ರಸ್ತೆಗಿಂತ ಮೊದಲೇ ಮಂಜುಗಡ್ಡೆ ಕಟ್ಟುತ್ತದೆ. ಜಾರಿದರೆ ಬೀಳುವ ಕಡೆ ನೋಡಬೇಡ, ಹೋಗಬೇಕಾದ ಕಡೆ ನೋಡು, ಕೈ ಕಣ್ಣಿನ ಹಿಂದೆಯೇ ಹೋಗುತ್ತದೆ.

ಐರಿನ್ ಬೇಗ ಕಲಿತಳು. ಸ್ಟೀರಿಂಗ್ ಹಿಡಿಯುವಾಗ ಹೆಬ್ಬೆರಳನ್ನು ಒಳಗೆ ಮಡಿಸುವ ರೀತಿ ಥೇಟ್ ಅವಳ ಅಣ್ಣನದೇ. ಮೊದಮೊದಲು ಅದನ್ನು ಕಂಡರೆ ಟುರಿಡ್ ಕಣ್ಣು ತಿರುಗಿಸಿಕೊಳ್ಳುತ್ತಿದ್ದಳು. ಆಮೇಲಾಮೇಲೆ ಅವಳು ಹುಡುಗಿಯ ಕೈಯನ್ನಾಗಲಿ ರಸ್ತೆಯನ್ನಾಗಲಿ ನೋಡುವುದೇ ಕಡಿಮೆಯಾಯಿತು. ಕನ್ನಡಿಯಲ್ಲಿ ಸೋಂದ್ರೆ ಹಿಮ ಬೀಳುವುದನ್ನು ನೋಡುತ್ತಿರುತ್ತಿದ್ದ. ಒಮ್ಮೊಮ್ಮೆ ತಲೆ ಗಾಜಿಗಾನಿಸಿ ನಿದ್ದೆ ಹೋಗುತ್ತಿದ್ದ. ಒದ್ದೆ ಜಾಕೆಟ್ಟಿನ ವಾಸನೆ ಮುಂದಕ್ಕೆ ಬರುತ್ತಿತ್ತು. ಟುರಿಡ್ ಸ್ವಲ್ಪ ಹೀಟರ್ ಹೆಚ್ಚಿಸುತ್ತಿದ್ದಳು.

ಫೆಬ್ರವರಿಯಲ್ಲಿ ಐರಿನ್‌ಗೆ ಹದಿನೆಂಟು ತುಂಬಿತು. “ಪರೀಕ್ಷೆಗೆ ಹೆಸರು ಕೊಡ್ಲಾ?” ಎಂದು ಕೇಳಿದಳು.

“ಇನ್ನೂ ಹಿಂದಕ್ಕೆ ತೆಗೆಯೋದು ಸರಿ ಬಂದಿಲ್ಲ,” ಎಂದಳು ಟುರಿಡ್.

ಮರುವಾರ, “ಭುಜದ ಮೇಲಿಂದ ನೋಡೋದು ಮರೀತಿದೀಯ,” ಎಂದಳು. ಹುಡುಗಿ ಮರೆತಿರಲಿಲ್ಲ. ಅದರ ಮರುವಾರ, “ಬ್ರೇಕ್ ಒತ್ತಿದ್ದು ತಡವಾಯ್ತು,” ಎಂದಳು. ತಡವಾಗಿರಲಿಲ್ಲ. ಲೈಸೆನ್ಸ್ ಸಿಕ್ಕರೆ ಐರಿನ್ ಬರುವುದಿಲ್ಲ. ಐರಿನ್ ಬರದಿದ್ದರೆ ಹಿಂದಿನ ಸೀಟೂ ಖಾಲಿ. ಅಷ್ಟು ಸರಳವಾದ ಲೆಕ್ಕ, ಅದನ್ನು ಅವಳು ತನಗೆ ತಾನೇ ಕೂಡ ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ.

ಒಂದು ದಿನ ಗೇಟಿನ ಬಳಿ ಎಂಜಿನ್ ಎರಡೆರಡು ಸಲ ನಿಂತುಹೋಯಿತು. ಐರಿನ್ ಕೀಲಿಯಿಂದ ಕೈ ತೆಗೆದಳು. “ನಾನೂ ಹೋವಾರ್ ಥರಾನೇ ಅಲ್ವಾ? ಅದನ್ನೇ ತಾನೇ ನೀವು ಹೇಳೋಕೆ ಆಗದೆ ಸುತ್ತಿ ಬಳಸಿ ಹೇಳ್ತಿರೋದು?”

ಅಲ್ಲ ಎಂದು ಹೇಳಲು ಒಂದು ಉಸಿರು ಸಾಕಿತ್ತು. ಟುರಿಡ್ ಕನ್ನಡಿಯ ಕಡೆ ನೋಡಿದಳು.

ಮಾರ್ಚ್ ತಿಂಗಳಲ್ಲಿ ಜಾರು ರಸ್ತೆಯ ತರಬೇತಿ ಬಂತು. ಪಟ್ಟಣದ ಹೊರಗೆ, ನೀರು ಬಿಟ್ಟು ಸೋಪಿನಂತೆ ನುಣುಪಾಗಿಸಿದ ನೆಲದ ಮೇಲೆ ಮಕ್ಕಳಿಂದ ಗಾಡಿ ಓಡಿಸಿ, ಬೇಕೆಂದೇ ಜಾರಿಸಿ ಕಲಿಸುವ ಜಾಗ ಅದು. ಟುರಿಡ್ ಬೇಲಿಯಾಚೆ ನಿಂತು ನೋಡುತ್ತಿದ್ದಳು. ಓಡ್‌ಬ್ಯೋರ್ನ್ ಬಂದು ಪಕ್ಕದಲ್ಲಿ ನಿಂತ.

“ನೋಡು ಹೇಗೆ ಹಿಡೀತಾಳೆ. ಉಳಿದವರು ಬುಗುರಿ ಥರ ತಿರುಗಿದ್ರು.”

“ಹ್ಞೂಂ.”

“ಇವಳು ತಯಾರಾಗಿ ಎಷ್ಟೋ ದಿನ ಆಯ್ತು, ಟುರಿಡ್. ಯಾಕೆ ಬಿಡ್ತಿಲ್ಲ?”

“ಅವಸರ ಏನಿದೆ?”

ಓಡ್‌ಬ್ಯೋರ್ನ್ ಕೈಗವಸು ಬಿಚ್ಚಿ ಬೆರಳಿಗೆ ಉಸಿರು ಊದಿಕೊಂಡ. “ಭಯ ಇಲ್ಲದೋರಿಗೆ ಒಂಚೂರು ಭಯ ಹಾಕೋದು ನಮ್ಮ ಕೆಲಸ. ಅದಕ್ಕೇ ನಿನ್ನ ಕರೆಸ್ತೀನಿ. ಆದರೆ ಇವಳು ಭಯ ಹೊತ್ಕೊಂಡೇ ಬಂದೋಳು. ಇವಳ ಮೇಲೆ ಇನ್ನೂ ಹೇರಿದ್ರೆ ಒಂದಿನ ರಸ್ತೆ ನಡುವೆ ಕೈ ಬಿಟ್ಟುಬಿಡ್ತಾಳೆ. ನೀನು ಅವಳನ್ನ ಹಾಳು ಮಾಡ್ತಿದೀಯ. ಬೇಜಾರು ಮಾಡ್ಕೋಬೇಡ.”

ಟುರಿಡ್ ಬೇಜಾರು ಮಾಡಿಕೊಂಡಳು. ತಿರುಗಿ ಹೋಗಿ ಕಾರಿನಲ್ಲಿ ಕೂತಳು.

ಮನೆಗೆ ಹೊರಟಾಗ ಬೆಳಕು ಮುಗಿಯುತ್ತ ಬಂದಿತ್ತು. “ಎಲ್ಲರೂ ಬೆಲ್ಟ್ ಹಾಕಿದೀರಾ?” ಎಂದಳು ಐರಿನ್. ಹಿಂದೆ ಸದ್ದಾಯಿತು. ಸುರಂಗದ ಬಾಯಿಗೆ ಬಂದರೆ ಅಡ್ಡಗಟ್ಟೆ ಹಾಕಿದ್ದರು. ಮೇಲಿನಿಂದ ಮಂಜುಗಡ್ಡೆ ಕುಸಿದಿತ್ತು. ಕಿತ್ತಳೆ ಬಣ್ಣದ ಬಾಣ ಹಳೇ ರಸ್ತೆಯ ಕಡೆ ತೋರಿಸುತ್ತಿತ್ತು. ಅದು ದೊಡ್ಡ ಬಂಡೆಯ ಕೆಳಗೆ, ನೀರಿಗೆ ಅಂಟಿಕೊಂಡು ಹೋಗುವ ದಾರಿ. ಸೋಂದ್ರೆ ಸತ್ತ ತಿರುವು ಇದ್ದದ್ದು ಅಲ್ಲೇ. ಸುರಂಗ ಮುಚ್ಚಿದಾಗಲೆಲ್ಲ ಆ ದಾರಿ ತಪ್ಪಿಸಲು ಟುರಿಡ್ ಇಷ್ಟು ವರ್ಷ ಗಾಡಿ ದಾಟಿಸುವ ದೋಣಿ ಹತ್ತಿ ಸುತ್ತಿ ಬರುತ್ತಿದ್ದಳು. ಈಗ ದೋಣಿಯ ಹೊತ್ತು ಮೀರಿತ್ತು.

ಐರಿನ್ ಕಾರು ಬದಿಗೆ ನಿಲ್ಲಿಸಿದಳು. “ನೀವು ಓಡಿಸ್ತೀರಾ?”

ಟುರಿಡ್ ಇಲ್ಲವೆಂದು ತಲೆಯಾಡಿಸಿದಳು.

“ಹಾಗಾದ್ರೆ ನಾನೇ ಓಡಿಸ್ತೀನಿ. ನಿಧಾನಕ್ಕೆ ಹೋಗ್ತೀನಿ. ನೀವು ಏನೂ ಹೇಳಬೇಡಿ.”

ರಸ್ತೆ ಕಪ್ಪಗೆ ಹೊಳೆಯುತ್ತಿತ್ತು. ಒದ್ದೆಯೋ ಮಂಜುಗಡ್ಡೆಯೋ ತಿಳಿಯದ ಹೊಳಪು. ಐರಿನ್ ಸೈಕಲ್ಲಿನಷ್ಟು ಮೆಲ್ಲಗೆ ಹೋಗುತ್ತಿದ್ದಳು. ಟುರಿಡ್ ಕನ್ನಡಿಯನ್ನು ನೋಡಿದಳು. ಸೋಂದ್ರೆ ಕಿಟಕಿ ಬಿಟ್ಟು ಮುಂದಕ್ಕೆ ಬಾಗಿದ್ದ. ಅದೇ ಮೊದಲ ಸಲ ಅವನು ಎದುರಿನ ರಸ್ತೆಯನ್ನು ನೋಡುತ್ತಿದ್ದ. ಮೊಣಕಾಲು ಅವಳ ಬೆನ್ನಿಗೆ ನೋಯುವಷ್ಟು ಒತ್ತುತ್ತಿತ್ತು.

ಅಷ್ಟರಲ್ಲಿ ಹಿಂದಿನ ಗಾಜಿನ ತುಂಬ ಬೆಳಕು ನುಗ್ಗಿತು. ಯಾವುದೋ ಗಾಡಿ ಬೆನ್ನಿಗೇ ಅಂಟಿಕೊಂಡು ದೀಪ ಮಿಣುಕಿಸುತ್ತಿತ್ತು, ಹಾರ್ನ್ ಬಾರಿಸುತ್ತಿತ್ತು. ಐರಿನ್‌ಳ ಉಸಿರು ಜೋರಾಯಿತು. ಆದರೆ ಅವಳು ವೇಗ ಹೆಚ್ಚಿಸಲಿಲ್ಲ. ಮುಂದಿನ ಅಗಲ ಜಾಗ ನೋಡಿ, ದೀಪ ತೋರಿಸಿ, ಬದಿಗೆ ಸರಿದು ನಿಂತಳು. “ಹೋಗಲಿ, ಹೋಗ್ಲಿ ಬಿಡಿ ಅವರು,” ಎಂದಳು, ತನಗೇ ಹೇಳಿಕೊಳ್ಳುವಂತೆ. ಆ ಕಾರು ಹಾಡಿನ ಅಬ್ಬರದೊಂದಿಗೆ ಪಕ್ಕದಲ್ಲಿ ಹಾದು ಹೋಯಿತು. ಒಳಗೆ ಹುಡುಗರು ಕೈ ಬೀಸಿದರು.

ಮತ್ತೆ ಹೊರಟು ಆ ತಿರುವು ದಾಟುತ್ತಲೇ ಕೆಂಪು ದೀಪಗಳು ಕಂಡವು. ಎರಡು ದೀಪ ಒಂದರ ಪಕ್ಕ ಒಂದಿರದೆ ಒಂದರ ಮೇಲೊಂದಿದ್ದವು.

ಐರಿನ್ ದೂರದಲ್ಲೇ ನಿಲ್ಲಿಸಿ ಅಪಾಯದ ದೀಪ ಹಾಕಿದಳು. ಹೊಳೆಯುವ ಅಂಗಿ ತೊಟ್ಟಳು, ತ್ರಿಕೋನ ಫಲಕ ಹಿಡಿದು ಹಿಂದಕ್ಕೆ ಓಡಿ ತಿರುವಿನಾಚೆ ಇಟ್ಟು ಬಂದಳು, ಫೋನ್ ತೆಗೆದು ಆಂಬುಲೆನ್ಸ್‌ಗೆ ಜಾಗ ಹೇಳಿದಳು. ಟುರಿಡ್ ಇನ್ನೂ ಕೂತೇ ಇದ್ದಳು. ಐರಿನ್ ಬಾಗಿಲು ತೆರೆದಳು.

“ಟುರಿಡ್, ಇಳೀರಿ.”

“ಆಗಲ್ಲ.”

“ನೀವು ನರ್ಸ್. ಅಲ್ಲಿ ಯಾರೋ ಅಳ್ತಿದಾರೆ, ಕೇಳಿಸ್ತಿಲ್ವಾ? ಇಳೀರಿ ಅಂದೆ!”

ಅಳು ಅವಳಿಗೂ ಕೇಳಿತ್ತು. ಆದರೆ ಅದು ಹೊರಗಿನದೆಂದು ಅವಳು ತಿಳಿದಿರಲಿಲ್ಲ.

ಕಾರು ನೀರಿನ ಕಡೆ ಹೋಗದೆ ಬಂಡೆಯ ಕಡೆ ಚರಂಡಿಗೆ ಬಿದ್ದು, ಮಗ್ಗುಲಾಗಿ, ಹಿಮದ ದಿಬ್ಬಕ್ಕೆ ಮೂತಿ ತೂರಿಸಿತ್ತು. ಇಬ್ಬರು ಆಗಲೇ ಹೊರಬಂದು ರಸ್ತೆ ಬದಿಯಲ್ಲಿ ನಡುಗುತ್ತ ನಿಂತಿದ್ದರು. ಮೂರನೆಯವನು ಹಿಂದಿನ ಸೀಟಿನಲ್ಲಿ ಬೆಲ್ಟಿಗೆ ಜೋತುಬಿದ್ದು ಅಳುತ್ತಿದ್ದ. ಕುತ್ತಿಗೆ, ಬೆನ್ನು, ಕೈಕಾಲು ಎಲ್ಲ ಮುಟ್ಟಿ ಕೇಳಿ ನೋಡಿ, ಟುರಿಡ್ ಅವನ ಬೆಲ್ಟ್ ಕತ್ತರಿಸಿ ಇಳಿಸಿದಳು. ಹಣೆ ಸೀಳಿತ್ತು, ಒಂದು ಮುಂಗೈ ಮುರಿದಿತ್ತು. ಮುಖದ ರಕ್ತ ಒರೆಸಿದಾಗ ಗುರುತು ಸಿಕ್ಕಿತು. ಸಿಮೆನ್. ಶರತ್ಕಾಲದ ತಂಡದಲ್ಲಿ ಮುಂದಿನ ಬೆಂಚಿನಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಿದ್ದವನು.

“ಅಮ್ಮಂಗೆ ಹೇಳಬೇಡಿ,” ಎಂದ.

“ನನ್ನ ಮಾತು ಕೇಳಿ ಅತ್ತಿದ್ಯಲ್ಲೋ,” ಎಂದಳು ಟುರಿಡ್. ಸಿಟ್ಟಿನಿಂದ ಅವಳ ದನಿ ಒಡೆಯಿತು. “ಅತ್ತು ಏನು ಬಂತು? ಇಷ್ಟು ವೇಗ ಬೇಡ ಅಂತ ಓಡಿಸೋನಿಗೆ ಹೇಳೋಕೆ ಬಾಯಿ ಇರಲಿಲ್ವಾ?”

“ಹೇಳೋಕೆ ನಾಚಿಕೆ ಆಯ್ತು. ಹೇಡಿ ಅಂತಾರೆ.” ಹುಡುಗನ ಹಲ್ಲು ಕಟಕಟ ಎನ್ನುತ್ತಿತ್ತು. “ಆದ್ರೆ ಬೆಲ್ಟ್ ಹಾಕ್ಸಿದ್ದೆ. ಮೂವರಿಗೂ. ಅದಕ್ಕೂ ನಕ್ಕರು.”

ಹೊರಗೆ ಚಳಿ ಕೊರೆಯುತ್ತಿತ್ತು. ಟುರಿಡ್ ಅವನನ್ನು ತನ್ನ ಕಾರಿಗೆ ನಡೆಸಿಕೊಂಡು ಬಂದಳು. ಹಿಂದಿನ ಬಾಗಿಲಿನ ಹಿಡಿಯ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತಳು. ಆಮೇಲೆ ತೆರೆದು ಹುಡುಗನನ್ನು ಅಲ್ಲಿ ಕೂರಿಸಿ, ಕಂಬಳಿ ಹೊದಿಸಿ, ಹಣೆಗೆ ಬಟ್ಟೆ ಒತ್ತಿ ಹಿಡಿದು, ಆಂಬುಲೆನ್ಸ್ ಬರುವವರೆಗೂ ಪಕ್ಕದಲ್ಲೇ ಕೂತಳು. ಅವನ ಮೈಯ ಬಿಸಿ ಅವಳ ತೋಳಿಗೆ ತಾಗುತ್ತಿತ್ತು. ಅವನು ಜೀವವಿರುವ ಭಾರದಿಂದ ಅವಳ ಮೇಲೆ ಒರಗಿದ್ದ. ಆ ಸೀಟಿನಲ್ಲಿ ಇನ್ನೊಬ್ಬರಿಗೆ ಜಾಗವಿರಲಿಲ್ಲ.

ಎಲ್ಲ ಮುಗಿದು ಐರಿನ್ ಮತ್ತೆ ಸ್ಟೀರಿಂಗ್ ಹಿಡಿದಾಗ ಗಂಟೆ ಎಂಟಾಗಿರಬಹುದು. ಅವಳು ಎಂದಿನ ಪ್ರಶ್ನೆ ಕೇಳಿದಳು. ಹಿಂದೆ ಯಾವ ಸದ್ದೂ ಆಗಲಿಲ್ಲ. ಟುರಿಡ್ ಕನ್ನಡಿಯಲ್ಲಿ ನೋಡಿದಳು: ಮುದುರಿದ ಕಂಬಳಿ, ರಕ್ತದ ಕಲೆ. ಬೆನ್ನಿಗೆ ಯಾವ ಒತ್ತೂ ಇರಲಿಲ್ಲ. ಮನೆ ಮುಟ್ಟುವವರೆಗೂ ಅವಳು ನೋಡುತ್ತಲೇ ಇದ್ದಳು. ಅಂಗಳದಲ್ಲಿ ಎಂಜಿನ್ ಆರಿದ ಮೇಲೆ ಎದೆ ಬಿರಿಯುವಂತೆ ಅತ್ತಳು. ಮಗ ಸತ್ತ ದಿನವೂ ಅವಳು ಹಾಗೆ ಅತ್ತಿರಲಿಲ್ಲ.

ಐರಿನ್ ಕಾದಳು.

“ನೀನು ಕಲಿತು ಎಷ್ಟೋ ದಿನ ಆಯ್ತು,” ಎಂದಳು ಟುರಿಡ್ ಕೊನೆಗೆ. “ನಾನೇ ಸುಳ್ಳು ಹೇಳ್ತಿದ್ದೆ. ನೀನು ಓಡಿಸುವಾಗ ಅವನು ಹಿಂದೆ ಕೂತಿರ್ತಿದ್ದ. ನೀನು ಹೋದ್ರೆ ಅವನೂ ಹೋಗ್ತಾನೆ ಅಂತ... ನಿನ್ನ ಅಣ್ಣನ ಥರ ಅಲ್ಲ ನೀನು. ಅವತ್ತೇ ಹೇಳಬೇಕಿತ್ತು.”

ಹುಡುಗಿ ಕ್ಷಮಿಸಿದೆ ಎನ್ನಲಿಲ್ಲ. “ನೀವು ರಸ್ತೆ ನೋಡ್ತಿಲ್ಲ ಅಂತ ಗೊತ್ತಾಗಿತ್ತು,” ಎಂದಳು. “ಒಂದೊಂದು ಸಲ ನನಗೆ ರಾತ್ರಿ ನಿದ್ದೆ ಬರ್ತಿರಲಿಲ್ಲ, ಗೊತ್ತಾ? ನನ್ನ ಕೈಯಲ್ಲೇ ಏನೋ ಕೆಟ್ಟದಿದೆ ಅಂದ್ಕೊಂಡಿದ್ದೆ.” ಇಳಿದು ಬಾಗಿಲು ಹಾಕಿ, ತನ್ನ ಮನೆಯ ಕಡೆ ನಡೆದುಕೊಂಡೇ ಹೋದಳು.

ಏಪ್ರಿಲ್‌ನಲ್ಲಿ ಐರಿನ್ ಪರೀಕ್ಷೆ ಪಾಸಾದಳೆಂದು ಓಡ್‌ಬ್ಯೋರ್ನ್‌ನಿಂದ ತಿಳಿಯಿತು. ಅವಳು ತಾನಾಗಿ ಹೇಳಲು ಬರಲಿಲ್ಲ. ಟುರಿಡ್ ಕನ್ನಡಿ ಕಿತ್ತು ಡಬ್ಬಕ್ಕೆ ಹಾಕಿದಳು.

ಸೇಬಿನ ಮರಗಳು ಹೂಬಿಟ್ಟಿದ್ದ ಒಂದು ಭಾನುವಾರ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಸ್ಟೀರಿಂಗ್ ಹಿಡಿದಿದ್ದವಳು ಐರಿನ್. ಪಕ್ಕದಿಂದ ಇಳಿದವನು ಹೋವಾರ್. ಸೊರಗಿದ್ದ, ಗಡ್ಡ ಬಿಟ್ಟಿದ್ದ. ಕಾರಿನ ಬಾಗಿಲನ್ನು ಹಿಡಿದುಕೊಂಡೇ ನಿಂತ, ಬಿಟ್ಟರೆ ಬೀಳುತ್ತೇನೆ ಎಂಬಂತೆ.

“ದಾರಿಯಲ್ಲಿ ಎರಡು ಸಲ ಇಳಿದ,” ಎಂದಳು ಐರಿನ್. “ಆದ್ರೂ ಬಂದ.”

ಟುರಿಡ್ ಕಾಫಿ ತಂದಳು. ಮೂವರೂ ಮೆಟ್ಟಿಲ ಮೇಲೆ ಕೂತರು. ಇಷ್ಟು ವರ್ಷ ಅವನನ್ನು ಕೇಳಬೇಕೆಂದು ಕೂಡಿಟ್ಟ ಪ್ರಶ್ನೆಗಳೆಲ್ಲ ಅವನನ್ನು ನೋಡಿದ ಮೇಲೆ ಎಲ್ಲಿ ಹೋದವೋ. ಒಂದೇ ಉಳಿದಿತ್ತು.

“ಕೊನೇಲಿ ಏನು ಮಾತಾಡ್ತಿದ್ರಿ?”

ಹೋವಾರ್ ಲೋಟವನ್ನು ಕೆಳಗಿಟ್ಟ. “ಸಾಸಿವೆ.”

“ಏನು?”

“ಪೆಟ್ರೋಲ್ ಬಂಕಲ್ಲಿ ಸಾಸೇಜ್ ತಗೊಂಡ್ವಿ. ಅವನು ಅಲ್ಲೇ ಎರಡು ತಿಂದ, ಮೂರನೇದು ಹಿಡ್ಕೊಂಡು ಕಾರು ಹತ್ತಿದ. ಸಾಸಿವೆ ಗೊಜ್ಜು ಜಾಕೆಟ್ ಮೇಲೆಲ್ಲ ಚೆಲ್ಕೊಂಡ. ಹಸಿರು ಜಾಕೆಟ್, ನೀವು ಹೊಸದಾಗಿ ಕೊಡ್ಸಿದ್ದು. ‘ಅಮ್ಮ ನನ್ನ ಸಿಗಿದು ಹಾಕ್ತಾಳೆ’ ಅಂತ ಬೆಲ್ಟ್ ಬಿಚ್ಚಿ, ಜಾಕೆಟ್ ತೆಗೆದು ಉಜ್ತಾ ಇದ್ದ. ನಾನು ತಿರುಗಿ ನೋಡಿ ನಕ್ಕೆ.” ಅವನು ಲೋಟವನ್ನು ದೂರ ಸರಿಸಿದ. “ಅಷ್ಟೇ. ಬೆಲ್ಟ್ ಹಾಕಿದ್ದ, ಟುರಿಡ್. ಯಾಕೆ ಬಿಚ್ಚಿದ ಅಂತ ನಿಮಗೆ ಹೇಗೆ ಹೇಳ್ಲಿ ಅಂತ ಗೊತ್ತಾಗಲಿಲ್ಲ.”

ಆಸ್ಪತ್ರೆಯವರು ಕೊಟ್ಟ ಜಾಕೆಟ್ ಒಳಗೆ ಬೀರುವಿನಲ್ಲಿತ್ತು. ಅದರ ಎದೆಯ ಮೇಲಿನ ಹಳದಿ ಕಲೆ ಏನೆಂದು ಅವಳು ಎಷ್ಟು ಸಲ ಯೋಚಿಸಿದ್ದಳೋ. ಅವನು ಮನೆಗೆ ಬಂದಿದ್ದರೆ ಬೈಯುತ್ತಿದ್ದಳು, ನಿಜ. ಚೆನ್ನಾಗಿ ಬೈಯುತ್ತಿದ್ದಳು. ಅಳು ಬರುವುದೆಂದುಕೊಂಡು ಮುಖಕ್ಕೆ ಕೈ ಒತ್ತಿದರೆ ನಗು ಬಂತು, ಹೊಟ್ಟೆಯೊಳಗಿಂದ, ತಡೆಯಲಾರದ ನಗು. ಅದು ಯಾವಾಗ ಅಳುವಾಯಿತೋ ತಿಳಿಯಲಿಲ್ಲ. ಐರಿನ್ ಹತ್ತಿರ ಸರಿದು ಕೂತಳು.

“ಆ ಮೂರನೇದು,” ಎಂದಳು ಟುರಿಡ್, ಉಸಿರು ಹಿಡಿದು. “ಪೂರ್ತಿ ತಿಂದಿದ್ನಾ?”

“ತಿಂದಿದ್ದ,” ಎಂದ ಹೋವಾರ್.

“ಸದ್ಯ,” ಎಂದಳು ಅವಳು.